ಬೆಣ್ಣಿ ಮತ್ತು ನುಚ್ಚು

ಬ್ಯಾಡಗಿಯ ಬಂದೂಕು ರಿಪೇರಿಯ ಚಾಚಾ ಯಾವ ರೈಫಲ್ ಕೈಗೆ ಬಂದರೂ ಕಣ್ಣು ಮುಚ್ಚಿಕೊಂಡು ಗುಂಡು ಏರಿಸಿ ಇಳಿಸುವ ಲಿವರ್ ಎಳೆಯುತ್ತಿದ್ದರು. ಸಲೀಸಾಗಿ ಬಂದರೆ ‘ಬೆಣ್ಣಿ’, ತಡೆದರೆ ‘ನುಚ್ಚು’. ಅವರ ಬಾಯಲ್ಲಿ ಮೂರನೆಯ ಮಾತೇ ಇರಲಿಲ್ಲ.

ಅಂದು ಮೋಟೆಬೆನ್ನೂರಿನ ಗೌಡರ ರೈಫಲ್ ಬೆಣ್ಣಿಯಾಯಿತು, ನಾನು ತಂದಿದ್ದ ನಮ್ಮ ಮಾವನದು ನುಚ್ಚಾಯಿತು.

‘ಒಳಗ ಗುಂಡು ಐತೇನು ನೋಡ್ರಿ ಚಾಚಾ,’ ಎಂದು ಮೂರು ಸಲ ಹೇಳಿದೆ.

‘ಇದ್ರ ಎಳದಾಗ ಹೊರಗ ಬೀಳ್ತಿತ್ತಲ್ಲ? ಕಾಲೇಜು ಕಲ್ತು ಬರೇ ಅಂಜಿಕಿ ಕಲ್ತೀದಿ,’ ಎಂದವರು ಮತ್ತೊಮ್ಮೆ ಜಗ್ಗಿ ಎಳೆದು ಟ್ರಿಗರ್ ಒತ್ತಿದರು. ಒಳಗೆ ಸಿಕ್ಕಿಕೊಂಡಿದ್ದ ಗುಂಡು ಹಾರಿ, ನನ್ನ ಕಿವಿಯ ಪಕ್ಕದಿಂದಲೇ ಹಾದು, ಬಾಗಿಲಲ್ಲಿದ್ದ ಮೆಣಸಿನಕಾಯಿ ಚೀಲವನ್ನು ಹೊಕ್ಕಿತು.

ಘಾಟಿಗೆ ಇಬ್ಬರೂ ಕೆಮ್ಮಿದೆವು. ಚಾಚಾ ಕಣ್ಣೊರೆಸಿಕೊಂಡು, ಅದೇ ಲಿವರನ್ನು ಮತ್ತೆ ಎಳೆದು ನೋಡಿದರು.

‘ನುಚ್ಚು ಅಂದಿದ್ನಲ್ಲ, ಅದು ಆ ಗುಂಡಿಂದು. ಈಗ ನೋಡು ತಮ್ಮಾ, ಬೆಣ್ಣಿ.’