ಬಿಳಿ ಐದು, ಬಿಳಿ ಮೂರು

ಹೋದ ವರ್ಷ ದೀಪಾವಳಿ ಮುಗಿದ ವಾರ, ಅಥಣಿಯ ನಮ್ಮ ಮನೆಯ ಮುಂದೆ ಒಂದು ಆಟೊ ಬಂದು ನಿಂತಿತು. ಅದರಿಂದ ಮೊದಲು ಇಳಿದದ್ದು ಕಪ್ಪು ರೆಕ್ಸಿನ್ನಿನ ದೊಡ್ಡದೊಂದು ಪೆಟ್ಟಿಗೆ, ಹಿಂದೆಯೇ ಅದನ್ನು ತಬ್ಬಿಕೊಂಡಿದ್ದ ಮನುಷ್ಯ. ತಲೆ ಪೂರ್ತಿ ಬೆಳ್ಳಗಾಗಿತ್ತು, ಬೆನ್ನು ಸ್ವಲ್ಪ ಬಾಗಿತ್ತು. ಮನುಷ್ಯನ ಗುರುತು ಹತ್ತಲಿಲ್ಲ. ಪೆಟ್ಟಿಗೆಯ ಗುರುತು ಹತ್ತಿತು. ಅದರೊಳಗಿನ ಅಕಾರ್ಡಿಯನ್ ಪಕ್ಕದಲ್ಲಿ ನಿಂತು ನಾನು ಮೂರು ವರ್ಷ ಹಾಡಿದ್ದೆ.

ಅವರು ನೀರು ಕೂಡ ಕುಡಿಯದೆ ಕೇಳಿದರು: "ತಂಗಿ, ಹಾಡತೀಯೇನ ಇನ್ನಾ?"

ಹಾಡುತ್ತಿದ್ದ ಕಾಲದಲ್ಲಿ ನಾನು ಕಾಗವಾಡದ ಬಟ್ಟೆ ಅಂಗಡಿಯವರ ಮಗಳು. ನಿಪ್ಪಾಣಿಯಲ್ಲಿ ಸೋದರಮಾವನ ಮನೆಯಲ್ಲಿದ್ದು ಕಾಲೇಜು ಓದುತ್ತಿದ್ದೆ. ಗ್ಯಾದರಿಂಗಿನಲ್ಲಿ ಹಾಡಿದ್ದನ್ನು ಕೇಳಿ ಊರಿನ ಆರ್ಕೆಸ್ಟ್ರಾದವರು ಮನೆಗೆ ಬಂದು ಕರೆದರು. ಮನೆಯಲ್ಲಿ ದೊಡ್ಡ ಪಂಚಾಯಿತಿಯೇ ಆಯಿತು. ಕೊನೆಗೆ ಮಾವ ಎರಡು ಷರತ್ತು ಹಾಕಿ ಒಪ್ಪಿದರು. ಪ್ರತಿ ಕಾರ್ಯಕ್ರಮಕ್ಕೂ ಅವರು ಮುಂದಿನ ಸಾಲಿನಲ್ಲಿ ಕೂರಬೇಕು; ಹೊತ್ತು ಮುಳುಗುವ ಮೊದಲು ನನ್ನ ಊಟ ಆಗಿರಬೇಕು. ಜೈನರ ಮನೆಯ ಹುಡುಗಿ, ಆರ್ಕೆಸ್ಟ್ರಾ ಸೇರಿದ ಮಾತ್ರಕ್ಕೆ ಕತ್ತಲಾದ ಮೇಲೆ ಉಣ್ಣಲು ಶುರುಮಾಡಬಾರದು ಎನ್ನುವುದು ಅವರ ಕಾಳಜಿ. ಮೂರು ವರ್ಷ ಎರಡೂ ಷರತ್ತು ನಡೆದವು. ಆಮೇಲೆ ಮದುವೆಯಾಗಿ ಅಥಣಿಗೆ ಬಂದೆ, ಹೈಸ್ಕೂಲಿನಲ್ಲಿ ಕನ್ನಡ ಕಲಿಸಿದೆ, ನಿವೃತ್ತಳಾದೆ. ಹಾಡಬೇಡ ಎಂದು ಯಾರೂ ಹೇಳಲಿಲ್ಲ. ಹಾಡು ಎಂದೂ ಯಾರೂ ಹೇಳಲಿಲ್ಲ. ಹಾಗೇ ಮೂವತ್ತೆಂಟು ವರ್ಷ ಹೋಯಿತು.

ಅಣ್ಣಾರು (ಪೆಟ್ಟಿಗೆ ತಂದವರನ್ನು ನಾನು ಕರೆಯುವುದು ಹಾಗೆ) ಉಗಾರ ಖುರ್ದದ ಸಕ್ಕರೆ ಕಾರ್ಖಾನೆಯಲ್ಲಿ ಫಿಟ್ಟರ್ ಆಗಿದ್ದು ನಿವೃತ್ತರಾದವರು. ಹಳೆಯ ತಂಡದಲ್ಲಿ ಇನ್ನೂ ಗಟ್ಟಿಯಾಗಿದ್ದವರನ್ನು ಹುಡುಕಿ ತೆಗೆದಿದ್ದರು. ಚಿಕ್ಕೋಡಿಯಲ್ಲಿ ಫೋಟೊ ಸ್ಟುಡಿಯೊ ನಡೆಸಿದ್ದ ಗಿಟಾರಿನವರು, ರಾಯಬಾಗದಲ್ಲಿ ನೀರಾವರಿ ಇಲಾಖೆಯಿಂದ ನಿವೃತ್ತರಾಗಿದ್ದ ಡ್ರಮ್ಮಿನವರು. ನಾಲ್ಕನೆಯವಳು ನಾನು.

ನಾನು ಯಜಮಾನರ ಮುಖ ನೋಡಿದೆ. ಅವರೂ ಮಾಸ್ತರರೇ, ಗಣಿತದವರು. ಪೇಪರಿನಿಂದ ತಲೆ ಎತ್ತದೆ, "ಹೋಗ್ ಬಾ. ವಾರಕ್ಕ ಒಂದ್ ದಿನ ನಂಗೂ ಟೀವಿ ರಿಮೋಟ್ ಸಿಗತೈತಿ" ಅಂದರು.

ಪ್ರತಿ ಶನಿವಾರ ಬೆಳಿಗ್ಗೆ ರಾಯಬಾಗದ ಡ್ರಮ್ಮಿನವರ ಮನೆಯ ಮಹಡಿಯಲ್ಲಿ ಅಭ್ಯಾಸ. ಅಣ್ಣಾರು ಪೆಟ್ಟಿಗೆ ಹೊತ್ತು ಉಗಾರದಿಂದ ರೈಲಿನಲ್ಲಿ ಬರುತ್ತಿದ್ದರು, ನಾನು ಬಸ್ಸಿನಲ್ಲಿ, ಗಿಟಾರಿನವರು ಮೋಟರ್‌ಸೈಕಲ್ಲಿನಲ್ಲಿ ಗಿಟಾರನ್ನು ಬೆನ್ನಿಗೆ ಹಾಕಿಕೊಂಡು. ಅವರ ಎಪ್ಪತ್ತು ದಾಟಿದ ಮೀಸೆಗೆ ಕಪ್ಪು ಬಣ್ಣ. ಮೊದಲ ದಿನ ಮೆಟ್ಟಿಲು ಹತ್ತಿ ಬಂದು ನಾಲ್ವರೂ ಐದು ನಿಮಿಷ ಬರೀ ಏದುಸಿರು ಬಿಟ್ಟೆವು. "ಇದ ನಮ್ಮ ಮೊದಲನೇ ಮ್ಯೂಸಿಕ್" ಎಂದರು ಡ್ರಮ್ಮಿನವರು.

ನಮ್ಮ ಆರ್ಕೆಸ್ಟ್ರಾ ಸ್ವಂತ ಹಾಡು ಕಟ್ಟಿದ್ದಲ್ಲ. ರೇಡಿಯೊದಲ್ಲಿ ಬರುತ್ತಿದ್ದ ಸಿನಿಮಾ ಹಾಡುಗಳನ್ನು, ಕನ್ನಡ, ಮರಾಠಿ, ಹಿಂದಿ ಎಲ್ಲವನ್ನೂ, ಗ್ರಾಮಫೋನ್ ತಟ್ಟೆಯಲ್ಲಿ ಇದ್ದ ಹಾಗೆಯೇ ನುಡಿಸುವುದು ನಮ್ಮ ಕೆಲಸ. ಎರಡು ಚರಣಗಳ ನಡುವೆ ಬರುವ ಬರೀ ವಾದ್ಯದ ತುಣುಕು ಕೂಡ ಒಂದು ಸ್ವರ ಆಚೀಚೆ ಆಗಬಾರದು. ಅಣ್ಣಾರು ಅಂಥ ತುಣುಕುಗಳನ್ನು ತಟ್ಟೆಯನ್ನು ಮತ್ತೆ ಮತ್ತೆ ಹಾಕಿ, ಕೇಳಿ ಕೇಳಿ ಕೈಗೆ ಇಳಿಸಿಕೊಂಡವರು. ಆ ಹಾಡುಗಳನ್ನು ಈಗ ಫೋನಿನಲ್ಲಿ ಯಾರು ಬೇಕಾದರೂ ಕೇಳಬಹುದು. ಆದರೆ ಎದುರಿಗೆ ಕೂತು ನುಡಿಸುವವರು ಇರಬೇಕು ಎನ್ನುವುದು ಅವರ ಹಟ.

ತೊಂದರೆ ಶುರುವಾದದ್ದು ನನ್ನ ದನಿಯಿಂದ. ನಮ್ಮ ಕಡೆ ಪಟ್ಟಿಯನ್ನು, ಅಂದರೆ ಹಾಡು ಎಷ್ಟು ಎತ್ತರದಲ್ಲಿ ನಿಲ್ಲಬೇಕು ಎನ್ನುವುದನ್ನು, ಹಾರ್ಮೋನಿಯಮ್ಮಿನಲ್ಲಿ ಬೆರಳು ಒತ್ತುವ ಮನೆಗಳಿಂದ ಹೇಳುತ್ತಾರೆ: ಬಿಳಿ ಒಂದು, ಬಿಳಿ ಎರಡು, ಕರಿ ಒಂದು. ಇಪ್ಪತ್ತರ ಹರೆಯದಲ್ಲಿ ನಾನು ಹಾಡುತ್ತಿದ್ದದ್ದು ಬಿಳಿ ಐದರಲ್ಲಿ. ಈಗ ಅದೇ ಪಟ್ಟಿಯಲ್ಲಿ ಶುರುಮಾಡಿದರೆ, ಪಲ್ಲವಿ ಹೇಗೋ ದಾಟಿ, ಚರಣ ಮೇಲಕ್ಕೆ ಹೋದಾಗ ದನಿ ಕಿರ್ರೆಂದು ಸೀಳುತ್ತಿತ್ತು.

"ಪಟ್ಟಿ ಇಳಿಸೂಣ್ರಿ. ಬಿಳಿ ಮೂರು ಮಾಡೂಣು," ಎಂದರು ಗಿಟಾರಿನವರು.

"ಇಳಿಸಂಗಿಲ್ಲ," ಎಂದರು ಅಣ್ಣಾರು. "ಇಳಿಸಿದ್ರ ಹಾಡಿನ ಮಾರೀನ ಬದಲಾಗತೈತಿ." ಹಾಡಿಗೂ ಒಂದು ಮುಖ ಇರುತ್ತದೆ ಎನ್ನುವುದು ಅವರ ನಂಬಿಕೆ.

ಗಿಟಾರಿಗೆ ಪಟ್ಟಿ ಬದಲಿಸುವುದು ಸುಲಭ, ತಂತಿಗಳ ಮೇಲೆ ಒಂದು ಕ್ಲಿಪ್ಪು ಸರಿಸಿದರೆ ಮುಗಿಯಿತು. ಅಕಾರ್ಡಿಯನ್ನಿನಲ್ಲಿ ಹಾಗಲ್ಲ. ಬೆರಳು ಇಡುವ ಜಾಗಗಳೆಲ್ಲ ಬದಲಾಗುತ್ತವೆ, ಪ್ರತಿ ತುಣುಕನ್ನೂ ಹೊಸದಾಗಿ ಕಲಿಯಬೇಕು. ನಲವತ್ತು ವರ್ಷದಿಂದ ಬೆರಳಿನಲ್ಲಿ ಕೂತದ್ದನ್ನು ಎಪ್ಪತ್ತರ ಮೇಲೆ ಕಿತ್ತು ಮತ್ತೆ ನೆಡುವುದು ಹುಡುಗಾಟವಲ್ಲ. ಅದು ನನಗೆ ಗೊತ್ತಿತ್ತು. ಆದ್ದರಿಂದ ಮನೆಯಲ್ಲಿ ಬಿಸಿನೀರು, ಜ್ಯೇಷ್ಠಮಧು ಎಲ್ಲ ಮಾಡಿ ನೋಡಿದೆ. ದನಿ ಮೇಲೇರಲಿಲ್ಲ.

ಮೂರನೆಯ ಶನಿವಾರ ಅವರ ತಾಳ್ಮೆ ಮುಗಿಯಿತು. ಚರಣದಲ್ಲಿ ನಾನು ಎರಡನೆಯ ಸಲ ತಪ್ಪಿದಾಗ ಅಕಾರ್ಡಿಯನ್ ಮುಚ್ಚಿ, "ದನಿಗಿ ತುಕ್ಕ ಹಿಡದೈತಿ ತಂಗಿ. ತಿಕ್ಕಬೇಕು," ಅಂದುಬಿಟ್ಟರು.

ನಾನು ಅಷ್ಟರಲ್ಲಿ ಒಂದು ಸಂಗತಿ ಗಮನಿಸಿದ್ದೆ. ಸ್ವರಗಳು ಓಡುವ ಜಾಗ ಬಂದಾಗ ಅವರ ಉಂಗುರ ಬೆರಳು ಏಳುತ್ತಿರಲಿಲ್ಲ. ಅಲ್ಲಿ ಗಿಟಾರಿನವರು ಸದ್ದಿಲ್ಲದೆ ಒಳಗೆ ಬಂದು ಆ ನಾಲ್ಕು ಸ್ವರಗಳನ್ನು ತಾವೇ ನುಡಿಸಿ ಹಿಂದೆ ಸರಿಯುತ್ತಿದ್ದರು. ಆ ಮಾತು ನನ್ನ ನಾಲಿಗೆಯ ತುದಿಗೆ ಬಂದಿತ್ತು. ಆಡಲಿಲ್ಲ. ಬದಲಿಗೆ, "ಅಣ್ಣಾ, ನಂಗೀಗ ಅರವತ್ತೊಂದು. ಇಪ್ಪತ್ತರ ದನಿ ಬೇಕಂದ್ರ ಇಪ್ಪತ್ತರ ಹುಡುಗಿನ್ನ ಹುಡಕ್ರಿ" ಅಂದು ಚಪ್ಪಲಿ ಮೆಟ್ಟಿ ಹೊರಟೆ. ಬಸ್ಸಿನಲ್ಲಿ ಕಂಡಕ್ಟರ್ ಎರಡು ಸಲ ಟಿಕೆಟ್ ಕೇಳಿದರೂ ನನಗೆ ಕೇಳಿಸಲಿಲ್ಲವಂತೆ. ಕುಡಚಿಯ ಸೇತುವೆ ಮೇಲೆ ಹೊಳೆ ನೋಡುತ್ತಾ, ಈ ವಯಸ್ಸಿನಲ್ಲಿ ಹೀಗೆ ಮುನಿಸಿಕೊಂಡು ಬಂದೆನಲ್ಲಾ ಎಂದು ನಾಚಿಕೆಯೂ ಆಯಿತು.

ಮನೆಯಲ್ಲಿ ಯಜಮಾನರು ಎಲ್ಲ ಕೇಳಿ, "ಅವರ ಬೆರಳಿನ ಮಾತ ಯಾಕ ತಗೀಲಿಲ್ಲ?" ಎಂದರು.

"ಅದು ಅವರಿಗೆ ಗೊತ್ತಿಲ್ಲೇನ್ರಿ?" ಎಂದೆ.

ನಾಲ್ಕು ಶನಿವಾರ ನಾನು ಹೋಗಲಿಲ್ಲ. ಗಿಟಾರಿನವರು ಫೋನ್ ಮಾಡಿ, "ಬಾಯಾರ, ಅವರೂ ಬರಾಕತ್ತಿಲ್ಲ. ಕೇಳಿದ್ರ ಕೆಲಸ ಐತಿ ಅಂತಾರ. ನಿವೃತ್ತ ಮನಿಶಾಗ ಎಂಥಾ ಕೆಲಸಾರಿ?" ಎಂದು ಪೇಚಾಡಿದರು. ತಂಡ ಮುಗಿಯಿತು ಎಂದೇ ನಾನು ತಿಳಿದೆ.

ಐದನೆಯ ಶನಿವಾರ ಮತ್ತೆ ಅದೇ ಆಟೊ, ಅದೇ ಪೆಟ್ಟಿಗೆ. ಅಣ್ಣಾರು ಪಡಸಾಲೆಯಲ್ಲಿ ಕೂತು, ಅಕಾರ್ಡಿಯನ್ ಹೆಗಲಿಗೆ ಹಾಕಿಕೊಂಡು ಒಂದು ಹಳೆಯ ಹಾಡಿನ ಆರಂಭದ ತುಣುಕು ನುಡಿಸಿದರು. ನಿಧಾನವಾಗಿ, ಅಲ್ಲಲ್ಲಿ ತಡವರಿಸುತ್ತಾ. ಎರಡನೆಯ ಸಾಲಿಗೆ ಬಂದಾಗ ನನಗೆ ತಿಳಿಯಿತು, ಅದು ಬಿಳಿ ಮೂರು.

"ಹನ್ನೊಂದ ಹಾಡು ಆಗ್ಯಾವ," ಎಂದರು. "ಮುಂಜಾನೆ ಎದ್ದ ಕೂಡ್ಲೇ ಇದ ಕೆಲಸ. ಮನ್ಯಾಗ ನಿನ್ನ ವೈನಿ ತಲಿ ಮ್ಯಾಲ ಕೈ ಹೊತ್ತಾಳ."

"ಹಾಡಿನ ಮಾರಿ ಬದಲಾಗತೈತಿ ಅಂದಿದ್ರಿ?"

"ನಮ್ಮ ಮಾರಿ ಬದಲಾಗಿಲ್ಲೇನು?" ಎಂದರು. ಆಮೇಲೆ ಬಲಗೈ ಮುಂದೆ ಚಾಚಿ ಉಂಗುರ ಬೆರಳನ್ನು ಎತ್ತಲು ನೋಡಿದರು. ಅದು ಅರ್ಧಕ್ಕೇ ನಿಂತಿತು. "ಮಿರಜಿಗಿ ಹೋಗಿ ತೋರಿಸ್ಕೊಂಡ್ ಬಂದೆ. ವಯಸ್ಸಾಗೈತಿ, ಹಿಂಗ ಇರತೈತಿ ಅಂದ್ರು. ತುಕ್ಕ ನನ್ನ ಕೈಯಾಗ ಇತ್ತು ತಂಗಿ, ನಿನ್ನ ದನಿಗಿ ಅಂದೆ. ನೀ ನೋಡಿದ್ದಿ. ಆದ್ರ ಬಾಯಿ ಬಿಡಲಿಲ್ಲ."

"ಇನ್ನೊಮ್ಮೆ ನುಡಸ್ರಿ" ಎಂದೆ. ಅವರು ನುಡಿಸಿದರು, ನಾನು ಹಾಡಿದೆ. ಚರಣದ ಎತ್ತರದಲ್ಲಿ ದನಿ ಸೀಳಲಿಲ್ಲ. ಮೊದಲಿನ ಮಿಂಚು ಅದರಲ್ಲಿ ಇರಲಿಲ್ಲ ನಿಜ, ಆದರೆ ತಳದಲ್ಲಿ ಒಂದು ಗಟ್ಟಿತನ ಬಂದಿತ್ತು, ನನಗೇ ಹೊಸದು. ಯಜಮಾನರು ಒಳಗಿನಿಂದ ಬಂದು ಬಾಗಿಲಲ್ಲಿ ನಿಂತರು. ಟೀವಿ ಆರಿಸಿ ಬಂದಿದ್ದರು, ಅದನ್ನೇ ನಾನು ಹೊಗಳಿಕೆ ಎಂದುಕೊಂಡೆ.

ಫೆಬ್ರವರಿಯಲ್ಲಿ ನಮ್ಮ ಮೊದಲ ಕಾರ್ಯಕ್ರಮ ಕೊಗನೊಳ್ಳಿಯಲ್ಲಿ ಆಯಿತು. ಅಲ್ಲಿಯ ತಂಬಾಕಿನ ವ್ಯಾಪಾರಿಯೊಬ್ಬರಿಗೆ ಅರವತ್ತು ತುಂಬಿತ್ತು, ಮನೆಯ ಮುಂದೆ ಹಗಲು ಹೊತ್ತಿನಲ್ಲೇ ಪೆಂಡಾಲು ಹಾಕಿದ್ದರು. ಮಕ್ಕಳಿಗೆ ಡಿಜೆ ಬೇಕಿತ್ತಂತೆ, ಅಪ್ಪ ನಮ್ಮನ್ನೇ ಕರೆಸಿದ್ದರು. ಮುಂದಿನ ಕುರ್ಚಿಗಳಲ್ಲಿ ಹಿರಿಯರು, ಹಿಂದೆ ಫೋನು ಹಿಡಿದ ಮೊಮ್ಮಕ್ಕಳು. ಒಂದು ಕನ್ನಡ ಹಾಡು, ಒಂದು ಮರಾಠಿ ಹಾಡು, ಹೀಗೆ ಹನ್ನೊಂದೂ ಚೆನ್ನಾಗಿಯೇ ಹೋದವು. ಗಿಟಾರಿನವರು ಗಂಡುದನಿಯ ಹಾಡುಗಳನ್ನು ಹಾಡಿ, ಮೀಸೆ ತಿರುವಿ ಶಿಳ್ಳೆ ಗಿಟ್ಟಿಸಿದರು.

ಮುಗಿಸುವ ಹೊತ್ತಿಗೆ ಆ ಮನೆಯ ಯಜಮಾನಿತಿ, ಹಸಿರು ಇಳಕಲ್ ಸೀರೆಯ ಎತ್ತರದ ಹೆಂಗಸು, ನೇರ ಸ್ಟೇಜಿನ ಹತ್ತಿರ ಬಂದರು.

"ಬಾಯಾರ, ನಮ್ಮ ಲಗ್ನದಾಗ ನೀವ ಹಾಡಿದ್ರಿ. ಅರ್ಧಾ ಗಾಣಂ ಆತು, ಕರೆಂಟ್ ಹೋತು, ನೀವ ಎದ್ದ ಹೋದ್ರಿ. ಉಳಿದ ಅರ್ಧಾ ನಂಗ ಇವತ್ತ ಪಾಯಿಜೆ."

ಗಡಿ ಊರಿನ ಮಾತು, ಕನ್ನಡದೊಳಗೆ ಮರಾಠಿ: ಗಾಣಂ ಎಂದರೆ ಹಾಡು, ಪಾಯಿಜೆ ಎಂದರೆ ಬೇಕು. ನನಗೆ ಆ ಮದುವೆ ಮಸುಕಾಗಿ ನೆನಪಾಯಿತು. ಯಾವ ಹಾಡು ಎಂದು ಕೇಳಿದರೆ, ಆಕೆ ಪಲ್ಲವಿಯ ಮೊದಲ ಸಾಲನ್ನು ತಾವೇ ಹಾಡಿ ತೋರಿಸಿದರು. ಅದು ಹನ್ನೊಂದರಲ್ಲಿ ಇರಲಿಲ್ಲ. ಅದರಲ್ಲಿ ಅಕಾರ್ಡಿಯನ್ ಕುದುರೆಯ ಹಾಗೆ ಓಡುವ ತುಣುಕು ಬೇರೆ ಇತ್ತು. ಆಗುವುದಿಲ್ಲ ಎಂದು ಹೇಳಲು ನಾನು ಬಾಯಿ ತೆರೆಯುವಷ್ಟರಲ್ಲಿ ಅಣ್ಣಾರು ಡ್ರಮ್ಮಿನವರ ಕಡೆ ತಿರುಗಿ, "ಬಿಳಿ ಮೂರು. ಹೊಡೀರಿ," ಅಂದರು.

ಪಲ್ಲವಿ ದಾಟಿತು, ಮೊದಲ ಚರಣ ದಾಟಿತು. ಓಡುವ ತುಣುಕು ಬಂತು. ಅಣ್ಣಾರು ಮೂರು ಸ್ವರ ನುಡಿಸಿದರು, ನಾಲ್ಕನೆಯದಕ್ಕೆ ಬೆರಳು ನಿಂತುಬಿಟ್ಟಿತು. ಗಿಟಾರಿನವರಿಗೂ ಆ ಜಾಗ ಕೈಗೆ ಬರಲಿಲ್ಲ. ಡ್ರಮ್ ಒಂದೇ ನಡೆಯುತ್ತಿತ್ತು.

ಆಗ ಮುಂದಿನ ಸಾಲಿನಿಂದ ಒಂದು ಮುದುಕಿಯ ದನಿ "ಟರರಾ ಟರರಾ" ಎಂದು ಆ ತುಣುಕನ್ನು ಬಾಯಲ್ಲೇ ಎತ್ತಿಕೊಂಡಿತು. ಪಕ್ಕದವರು ಸೇರಿದರು, ಅವರ ಪಕ್ಕದವರು ಸೇರಿದರು. ಅರವತ್ತು ತುಂಬಿದ ವ್ಯಾಪಾರಿ ಕೊರಳಲ್ಲಿ ಹಾರ ಹಾಕಿಕೊಂಡೇ ತೊಡೆ ತಟ್ಟುತ್ತಾ ಟರರಾ ಎನ್ನುತ್ತಿದ್ದರು. ಇಡೀ ಪೆಂಡಾಲಿಗೆ ಆ ತುಣುಕು ಬಾಯಿಪಾಠ! ನಾವು ನಾಲ್ವರೇ ಅದನ್ನು ಉಳಿಸಿಕೊಂಡು ಬಂದಿದ್ದೇವೆ ಎಂದು ಅಷ್ಟು ದಿನ ಅಂದುಕೊಂಡಿದ್ದೆವಲ್ಲ. ಅಣ್ಣಾರು ಬಲಗೈಯ ಮನೆಗಳನ್ನು ಬಿಟ್ಟು, ಎಡಗೈಯ ಗುಂಡಿಗಳಲ್ಲಿ ಒಂದು ತುಂಬು ನಾದವನ್ನು ಕೆಳಗಿನಿಂದ ಹಿಡಿದುಕೊಂಡರು. ಅವರ ಭುಜ ಕುಣಿಯುತ್ತಿತ್ತು. ಅಳುತ್ತಿದ್ದಾರೇನೋ ಎಂದು ಬಗ್ಗಿ ನೋಡಿದರೆ, ನಗು ತಡೆಯಲಾಗದೆ ಒದ್ದಾಡುತ್ತಿದ್ದರು.

ನಾನು ಎರಡನೆಯ ಚರಣ ಹಾಡಿದೆ. ಯಜಮಾನಿತಿ ಸೊಂಟದ ಮೇಲೆ ಕೈಯಿಟ್ಟುಕೊಂಡು, ಒಂದು ಸಾಲೂ ತಪ್ಪಿಲ್ಲ ತಾನೇ ಎಂದು ನೋಡುವವರಂತೆ ಕಡೆಯವರೆಗೂ ನಿಂತು ಕೇಳಿದರು. ಮುಗಿದ ಮೇಲೆ ಗಂಡನ ಕಡೆ ತಿರುಗಿ, "ಈಗ ಲಗ್ನ ಪೂರಾ ಆತು" ಎಂದರು. ಪೆಂಡಾಲು ಗೊಳ್ಳೆಂದಿತು.

ಅಲ್ಲಿಂದೀಚೆಗೆ ಮುಗಳಖೋಡ, ನಿಪ್ಪಾಣಿ ಎಂದು ಇನ್ನೂ ಕೆಲವು ಕಡೆ ಹಾಡಿ ಬಂದಿದ್ದೇವೆ. ಓಡುವ ತುಣುಕು ಬಂದಾಗ ಅಣ್ಣಾರು ಗತ್ತಿನಿಂದ ಕೈ ಎತ್ತಿ ಜನರ ಕಡೆ ತೋರಿಸುತ್ತಾರೆ. ಜನ ನುಡಿಸುತ್ತಾರೆ.

ಯಜಮಾನರಿಗೂ ಮನೆಯಲ್ಲಿ ಒಬ್ಬರೇ ಕೂರುವುದು ಬೇಸರವಾಗಿ, ಈಗ ಶನಿವಾರ ನನ್ನ ಜೊತೆ ಬಸ್ಸು ಹತ್ತುತ್ತಾರೆ. ಅವರ ಕೈಗೆ ಒಂದು ಖಂಜರಿ ಕೊಟ್ಟಿದ್ದೇವೆ. ಲೆಕ್ಕ ತಪ್ಪುವುದಿಲ್ಲ, ಆದರೆ ಪೆಟ್ಟು ಮಾತ್ರ ಯಾವಾಗಲೂ ಒಂದು ಕೂದಲೆಳೆ ತಡ. "ಮಾಸ್ತರ, ಎಣಿಸಬ್ಯಾಡ್ರಿ, ಕೇಳ್ರಿ" ಎಂದು ಡ್ರಮ್ಮಿನವರು ಪ್ರತಿ ವಾರ ಹೇಳುತ್ತಾರೆ. "ಕೇಳಾಕತ್ತೇನ್ರಿ" ಎನ್ನುತ್ತಾರೆ ಇವರು. ತುಟಿಗಳು ಮಾತ್ರ ಒಂದು, ಎರಡು, ಮೂರು, ನಾಲ್ಕು ಎಂದು ಅಲುಗುತ್ತಲೇ ಇರುತ್ತವೆ.