ಮಾಲವಿಕಾಳ ಸರದಿ

ಮಿಲ್ಟನ್ನಿನ ಔಷಧಿ ಅಂಗಡಿಯಲ್ಲಿ ಕೆಲಸ ಮಾಡುವ ಮಾಲವಿಕಾ ಮೊದಲು ಬ್ಯಾಂಜೊ ಹಿಡಿದಾಗ ಅವಳಿಗೆ ಹದಿನಾರು. ಪಕ್ಕದ ಮನೆಯವರು ಊರು ಬಿಡುವಾಗ ಕೊಟ್ಟುಹೋದ ವಾದ್ಯ ಅದು. ಚಿಕ್ಕ ತಮಟೆಗೆ ಉದ್ದನೆಯ ಹಿಡಿ ಕಟ್ಟಿ ಐದು ತಂತಿ ಬಿಗಿದ ಹಾಗಿತ್ತು. ಬೆರಳಿಗೆ ತಗಡಿನ ಉಗುರು ಸಿಕ್ಕಿಸಿಕೊಂಡು ಅವಳು ಬೇಸ್‌ಮೆಂಟಿನಲ್ಲಿ ಬ್ಲೂಗ್ರಾಸ್ ಎಂಬ ಪಾಶ್ಚಾತ್ಯ ಹಳ್ಳಿ ಸಂಗೀತ ನುಡಿಸಲು ಕೂತಳೆಂದರೆ ಮುಗಿಯಿತು, ಊಟ ತಣ್ಣಗಾಗಬೇಕು. ಹಾಡಿಲ್ಲ, ಮಾತಿಲ್ಲ, ಬರೀ ತಂತಿಯ ಓಟ. ಇದೆಂಥ ಸಂಗೀತವೋ ಎಂದು ಹುಬ್ಬಳ್ಳಿ ಕಡೆಯಿಂದ ಈ ಪರದೇಶಕ್ಕೆ ಬಂದು ನೆಲೆಸಿದ್ದ ತಂದೆ ರುದ್ರಪ್ಪನವರಿಗೆ ಬಗೆಹರಿಯದಿದ್ದರೂ ಮಗಳ ಕೈ ಪಳಗಿದೆ ಎಂಬುದು ಮಾತ್ರ ಗೊತ್ತಾಗಿತ್ತು.

2012ರ ವಸಂತದಲ್ಲಿ ಅವಳು ಪ್ರತಿ ಮಂಗಳವಾರ ಸಂಜೆ ದೂರದ ವಿಟ್ಬಿ ಊರಿಗೆ ಕಾರು ಓಡಿಸತೊಡಗಿದಳು. ಅಲ್ಲೊಂದು ಹಾಲ್‌ನಲ್ಲಿ ಬ್ಲೂಗ್ರಾಸ್‌ನವರು ಸುತ್ತ ಕೂತು ನುಡಿಸುತ್ತಿದ್ದರು. ಹಿರಿಯ ಡಗ್ಲಸ್ ಮ್ಯಾಂಡೊಲಿನ್ ನುಡಿಸುತ್ತಲೇ ಒಬ್ಬೊಬ್ಬರ ಮುಖ ನೋಡುತ್ತಿದ್ದ. ಅವನು ನೋಡಿದವರು ಒಂದು ಸುತ್ತು ತಾವೇ ಮುಂದಾಗಿ ನುಡಿಸಬೇಕು. ಆಗಸ್ಟಿನ ಮೇಳಕ್ಕೆ ಅವನ ತಂಡದಲ್ಲಿ ಬ್ಯಾಂಜೊದ ಜಾಗ ಖಾಲಿಯಿತ್ತು. ಮಾಲವಿಕಾಗೆ ಆ ಜಾಗ ಬೇಕೇ ಬೇಕಿತ್ತು. ಆದರೆ ನಾಲ್ಕು ವಾರವೂ ಡಗ್ಲಸ್ ಅವಳ ಕಡೆ ನೋಡಿದ, ಮರುಕ್ಷಣವೇ ಪಕ್ಕದವರಿಗೆ ಸರದಿ ದಾಟಿಸಿದ.

ಅವಳಿಗೆ ಮೈಯೆಲ್ಲ ಉರಿಯಿತು. ಬಿಳಿಯರ ಸಂಗೀತ, ನನ್ನಂಥವಳಿಗೆ ಯಾಕೆ ಕೊಟ್ಟಾರು ಎಂದು ಮನೆಯಲ್ಲಿ ಅತ್ತೂ ಆಯಿತು. ರುದ್ರಪ್ಪನವರಿಗೆ ತಡೆಯಲಾಗಲಿಲ್ಲ. ತಂಡ ಆರಿಸುವ ಮಂಗಳವಾರ ತಾವೂ ಕಾರು ಹತ್ತಿದರು, ಆ ಡಗ್ಲಸನನ್ನು ಒಂದು ಮಾತು ಕೇಳಿಯೇ ಬರುವ ಹಠದಲ್ಲಿ.

ಹಾಲ್‌ನಲ್ಲಿ ಗೋಡೆಗೆ ಒರಗಿ ಕೂತ ರುದ್ರಪ್ಪನವರಿಗೆ ಪಿಟೀಲಿನವನ ಕೈಚಳಕದಲ್ಲಿ ಜಗಳವೇ ಮರೆತುಹೋಯಿತು. ಕಣ್ಣು ಮುಚ್ಚಿ ತಲೆದೂಗತೊಡಗಿದರು. ಕಣ್ಣು ಬಿಟ್ಟರೆ, ಕಾಫಿ ಕೊಡಲು ಬಂದಿದ್ದ ಮುದುಕಿ ಬೇಡವೆಂದರೆ ಬೇಡ ಬಿಡಿ ಎನ್ನುವಂತೆ ಜಗ್ಗು ಹಿಡಿದು ಹೊರಟುಹೋಗುತ್ತಿದ್ದಳು. ಅಯ್ಯೋ ನನ್ನ ಕಾಫಿ ಎಂದುಕೊಂಡು ಮಗಳತ್ತ ತಿರುಗಿದರು. ಚಿಕ್ಕಂದಿನಲ್ಲಿ ಅಪ್ಪನ ತೊಡೆಯ ಮೇಲೆ ಕೂತು ಹಿಂದೂಸ್ತಾನಿ ಕ್ಯಾಸೆಟ್ಟು ಕೇಳಿ ಬೆಳೆದವಳಲ್ಲವೇ, ಅವಳೂ ಅದೇ ಪಿಟೀಲಿಗೆ ಮೈಮರೆತು ಎಡಕ್ಕೆ ಬಲಕ್ಕೆ ತಲೆದೂಗುತ್ತಿದ್ದಳು. ಡಗ್ಲಸ್ ಅವಳನ್ನು ನೋಡಿದ, ಆ ತಲೆಯನ್ನು ನೋಡಿದ, ಮುಂದಿನವರತ್ತ ತಿರುಗಿದ.

ವಿರಾಮದಲ್ಲಿ ರುದ್ರಪ್ಪನವರು ಮಗಳನ್ನು ಪಕ್ಕಕ್ಕೆ ಕರೆದರು. "ಅಂವ ನಿನ್ನ ಬಿಟ್ಟಿಲ್ಲ ಮಾಲೂ. ಅಂವ ಕೇಳಾಕತ್ತಾನ, ನೀನ ತಲಿ ಅಳ್ಳಾಡ್ಸಿ ಬ್ಯಾಡ ಅನ್ನಾಕತ್ತಿ."

"ಫೋರ್ ವೀಕ್ಸ್ ನಾನೇ ನೋ ಅಂದೆನಾ ಪಪ್ಪಾ?" ಎಂದಳು ಮಾಲವಿಕಾ. ನಾಚಿಕೆಯಾಯಿತು, ಆಮೇಲೆ ನಗು ತಡೆಯಲಾಗಲಿಲ್ಲ.

ಮತ್ತೆ ಕೂತಾಗ ಕತ್ತನ್ನು ಕಂಬದ ಹಾಗೆ ಬಿಗಿಹಿಡಿದಳು. ಡಗ್ಲಸ್ ನೋಡಿದ್ದೇ ತಡ, ಗದ್ದ ಕೆಳಗಿಳಿಸಿ ಹೂಂ ಎಂದಳು. ಅವನ ಹುಬ್ಬು ಮೇಲೇರಿತು. ನಾಲ್ಕು ವಾರದ ಸಿಟ್ಟೆಲ್ಲ ಬೆರಳಿಗೆ ಇಳಿಯಿತು ನೋಡಿ, ಒಂದು ಸುತ್ತು ಮುಗಿದರೂ ಯಾರೂ ಅವಳನ್ನು ನಿಲ್ಲಿಸಲಿಲ್ಲ. ಇನ್ನೊಂದು ಎಂದು ಪಿಟೀಲಿನವನು ಕಮಾನು ಬೀಸಿದ.

ನುಡಿಸಿ ಮುಗಿದ ಮೇಲೆ ಡಗ್ಲಸ್ ನೇರವಾಗಿ ಕೇಳಿದ, ಆಗಸ್ಟಿಗೆ ನಮ್ಮ ಜೊತೆ ಬರುತ್ತೀಯಾ ಎಂದು. ಸಂತೋಷಕ್ಕೆ ಮಾಲವಿಕಾಳ ತಲೆ ತನ್ನಷ್ಟಕ್ಕೆ ಎಡಕ್ಕೆ ಬಲಕ್ಕೆ ಆಡಿತು. ಡಗ್ಲಸನ ಮುಖ ಸಪ್ಪಗಾಯಿತು.

"ದ್ಯಾಟ್ ಈಸ್ ಯೆಸ್, ಸರ್! ಅವರ್ ಪೀಪಲ್, ದಿಸ್ ಈಸ್ ಫುಲ್ ಯೆಸ್!" ರುದ್ರಪ್ಪನವರು ಎದ್ದು ನಿಂತು, ತಲೆ ಆಡಿಸಿ ತೋರಿಸುತ್ತ, ಇಡೀ ಹಾಲ್‌ಗೆ ಕೇಳುವಂತೆ ಕೂಗಿದರು. ಹೊರಗಿನವರ ಮುಂದೆ ಅಪ್ಪ ಇಂಗ್ಲಿಷ್ ಆಡಿದಾಗಲೆಲ್ಲ ನಾಚಿ ನೆಲ ನೋಡುತ್ತಿದ್ದ ಮಾಲವಿಕಾ, ಅವತ್ತು ಮಾತ್ರ ಅಪ್ಪ ಇನ್ನೂ ಜೋರಾಗಿ ಕೂಗಲಿ ಎಂದುಕೊಂಡಳು.