ಆಮೆನ್‌ಗೆ ಅವಸರವಿದ್ದ ಕಂಡಕ್ಟರ್

ನನ್ನ ತಮ್ಮ ಹೆಣ ಹೂಳುವ ಪ್ರಾರ್ಥನೆ ಕಲಿಯುತ್ತಿದ್ದ ದಿನ, ಹೆಣವೇ ಎದ್ದು ಕೂತು ಅವನನ್ನು ತಡೆಯಿತಂತೆ.

ನಡೆದದ್ದು ಕಾಲೇಜಿನ ಕ್ಲಾಸ್‌ರೂಮಿನಲ್ಲಿ. ಎರಡು ಬೆಂಚು ಜೋಡಿಸಿ, ಅದರ ಮೇಲೆ ಜೊತೆಯ ಹುಡುಗನೊಬ್ಬ ಬಿಳಿ ಬೆಡ್‌ಶೀಟು ಹೊದ್ದು ಕಣ್ಣು ಮುಚ್ಚಿ ಮಲಗಿದ್ದ. ಉಳಿದವರೆಲ್ಲ ಅಳುವ ನೆಂಟರು. ನೆಂಟರು ಇನ್ನೂ ಕರ್ಚೀಫು ಹುಡುಕುತ್ತಿರುವಾಗಲೇ ನನ್ನ ತಮ್ಮ ಪುಟದ ಮೇಲೆ ಪುಟ ತಿರುವಿ, ಮಣ್ಣು ಹಾಕುವ ತನಕ ಬಂದುಬಿಟ್ಟಿದ್ದ. ಹೆಣ ಬೆಡ್‌ಶೀಟು ಸರಿಸಿ, "ಅಂಕಲ್, ಸ್ವಲ್ಪ ತಡೀರಿ. ನನ್ನನ್ನ ಇನ್ನೂ ಗುಂಡಿಗೇ ಇಳಿಸಿಲ್ಲ" ಅಂದಿತು.

ಇದನ್ನು ತಮ್ಮನೇ ಮನೆಗೆ ಬಂದು ಹೇಳಿ ಹೊಟ್ಟೆ ಹಿಡಿದುಕೊಂಡು ನಕ್ಕ. ಅವನ ಹೆಂಡತಿ ಟೈಲರ್. ಹೊಲಿಗೆಯ ದಾರವನ್ನು ಹಲ್ಲಲ್ಲಿ ಕಚ್ಚಿ ತುಂಡು ಮಾಡಿ, "ಸತ್ತೋರಿಗೂ ನಿಮ್ಮ ಹತ್ರ ನೆಮ್ಮದಿ ಇಲ್ಲ ಅಂದಹಾಗಾಯ್ತು" ಅಂದಳು.

ಅವರ ಮನೆಯ ಹಿಂದಿನ ಕೋಣೆಯಲ್ಲಿ ನಾನಿರುತ್ತೇನೆ. ಅವಳು ಹೊಲಿದ ಬಟ್ಟೆಗೆ ಬಟನ್ ಹಚ್ಚುವುದು ನನ್ನ ಕೆಲಸ. ಕೈಗೆ ಕೆಲಸವಿದ್ದರೂ ಕಿವಿ ಖಾಲಿಯೇ ಇರುತ್ತದಲ್ಲ, ಹಾಗಾಗಿ ಆ ಮನೆಯ ಮಾತೆಲ್ಲ ನನ್ನ ಕಿವಿಗೆ ಬಿದ್ದದ್ದೇ.

ತಮ್ಮನಿಗೆ ಮೀಸೆ ಚಿಗುರಿದಾಗಿನಿಂದ ಬಸ್ ಕಂಡಕ್ಟರ್ ಕೆಲಸ. ಬೀದಿಯಲ್ಲೆಲ್ಲ ಅವನಿಗೆ ಸೀಟಿ ಅಂತಲೇ ಹೆಸರು. ಒಂದು ಸಂಜೆ ಆಸ್ಪತ್ರೆ ಸ್ಟಾಪಿಗೆ ಟಿಕೆಟ್ ತೆಗೆದುಕೊಂಡ ಗಂಡಸೊಬ್ಬ ಇವನ ಕೊರಳಿನ ಶಿಲುಬೆ ನೋಡಿ, "ನನ್ನ ಹೆಂಡತಿಗೆ ಆಪರೇಷನ್ನು. ನೀವು ಚರ್ಚಿಗೆ ಹೋಗೋರು ತಾನೆ? ಅವಳಿಗೋಸ್ಕರ ಒಂದು ಪ್ರಾರ್ಥನೆ ಮಾಡಿ" ಅಂದನಂತೆ. ಅಷ್ಟು ವರ್ಷ ಚರ್ಚಿನಲ್ಲಿ ಕೂತೆದ್ದವನಿಗೆ ನಾಲ್ಕು ಮಾತು ಹುಟ್ಟಲಿಲ್ಲ. ಅಷ್ಟರಲ್ಲಿ ಸ್ಟಾಪು ಬಂತು, ಆತ ಇಳಿದ, ಬಸ್ಸು ಹೊರಟಿತು.

"ಆ ಮನುಷ್ಯ ಪ್ರಾರ್ಥನೆ ಕೇಳಿದ ಅಕ್ಕಾ, ನಾ ಸೀಟಿ ಊದಿದೆ" ಎಂದು ಎಷ್ಟು ಸಲ ಹೇಳಿದನೋ. ಆಮೇಲೊಂದು ದಿನ ಬಸ್ಸಿನ ಕೆಲಸ ಬಿಟ್ಟು ಕಾಲೇಜು ಸೇರಿದ. ಕ್ರೈಸ್ತ ಸಭಾಸೇವೆಯೇ ಮುಖ್ಯ ವಿಷಯ. ಓದಿ ಚರ್ಚು ನಡೆಸುವ ಸಭಾಪಾಲಕನಾಗಬೇಕು, ಕಷ್ಟದಲ್ಲಿರುವವರ ಪಕ್ಕ ಕೂತು ಪ್ರಾರ್ಥನೆ ಮಾಡಬೇಕು ಅನ್ನುವುದು ಅವನ ಆಸೆ.

"ಈ ವಯಸ್ಸಲ್ಲಿ ಬ್ಯಾಗು ನೇತುಹಾಕ್ಕೊಂಡು ಕಾಲೇಜಿಗೆ ಹೋಗ್ತೀರಾ? ಹಳೇ ಟಿಕೆಟ್ ಬ್ಯಾಗೇ ಇದೆಯಲ್ಲ, ತಗೊಂಡು ಹೋಗಿ" ಎಂದು ಟೈಲರಮ್ಮ ರೇಗಿದಳು. ಮರುದಿನ ನೋಡಿದರೆ ದಪ್ಪ ಬಟ್ಟೆಯ ಹೊಸ ಬ್ಯಾಗು ತಯಾರು. ಕನ್ನಡಕಕ್ಕೆ ಬೇರೆಯೇ ಜೇಬು ಬೇರೆ.

ಓದಿನಲ್ಲಿ ಸೀಟಿ ಸೋಮಾರಿಯಲ್ಲ. ಗ್ರೀಕ್ ಅಕ್ಷರಗಳನ್ನು ಕನ್ನಡಿಗೆ ಅಂಟಿಸಿಕೊಂಡು ಗಡ್ಡ ಹೆರೆಯುತ್ತಾ ಬಾಯಿಪಾಠ ಮಾಡುತ್ತಿದ್ದ. ಕೆನ್ನೆಯ ಗಾಯ ನೋಡಿದರೆ ಅವತ್ತಿನ ಪಾಠ ಎಷ್ಟು ಕಷ್ಟದ್ದೆಂದು ನಮಗೆ ಗೊತ್ತಾಗುತ್ತಿತ್ತು. ಗೊಂಬೆಗೆ ದೀಕ್ಷಾಸ್ನಾನ ಮಾಡಿಸಲು ಕಲಿತ. ಆದರೆ ಬಸ್ಸಿನಿಂದ ಇವನು ಇಳಿದರೂ ಇವನೊಳಗಿಂದ ಬಸ್ಸು ಇಳಿಯಲಿಲ್ಲ. ಮದುವೆ ಮಾಡಿಸುವ ಅಭ್ಯಾಸದ ದಿನ ಮದುಮಗಳಾಗಿದ್ದ ಹುಡುಗಿಗೆ, "ಒಳಗೆ ಬನ್ನಿ, ಒಳಗೆ ಬನ್ನಿ, ಬಾಗಿಲಲ್ಲಿ ನಿಲ್ಲಬೇಡಿ" ಅಂದ. ಪ್ರಭುವಿನ ಭೋಜನದ ಅಭ್ಯಾಸದಲ್ಲಿ ತಟ್ಟೆ ಹಿಡಿದು ಬೆಂಚುಗಳ ನಡುವೆ ಅಡ್ಡಡ್ಡ ನಡೆಯುತ್ತಾ, "ಯಾರ್ರೀ ರೊಟ್ಟಿ ತಗೊಂಡಿಲ್ಲ? ರೊಟ್ಟಿ, ರೊಟ್ಟಿ!" ಎಂದು ಕೂಗಿದ.

ಕ್ಲಾಸೆಲ್ಲ ನಕ್ಕಿತು. ಆರಾಧನೆ ನಡೆಸುವುದನ್ನು ಕಲಿಸುವ ಮೇಡಂ ಮಾತ್ರ ನಗಲಿಲ್ಲ. ಇವನನ್ನು ಪಕ್ಕಕ್ಕೆ ಕರೆದು ಹೇಳಿದರು. "ನಿಮಗೆ ಧ್ವನಿ ಇದೆ, ಮನಸ್ಸೂ ಇದೆ. ಆದ್ರೆ ಮೌನ ಪ್ರಾರ್ಥನೆ ಅಂತ ಹೇಳಿ, ಜನ ಕಣ್ಣು ಮುಚ್ಚೋಷ್ಟರಲ್ಲಿ ಆಮೆನ್ ಅಂದುಬಿಡ್ತೀರಿ. ದೇವರ ಹತ್ರ ಹೇಳ್ಕೊಳ್ಳೋಕೆ ಬಂದೋರಿಗೆ ಪುರಸೊತ್ತೇ ಕೊಡಲ್ಲ. ಕೊನೇ ಪರೀಕ್ಷೆಯಲ್ಲೂ ಹೀಗೇ ಮಾಡಿದ್ರೆ ನಾನು ಪಾಸು ಮಾಡೋಕಾಗಲ್ಲ."

ಕೊನೆಯ ಪರೀಕ್ಷೆ ಎಂದರೆ ನಿಜವಾದ ಚರ್ಚಿನಲ್ಲಿ, ನಿಜವಾದ ಜನರ ಮುಂದೆ ಒಂದು ಭಾನುವಾರದ ಆರಾಧನೆ ನಡೆಸುವುದು. ಸಭಾಪಾಲಕರಿಲ್ಲದ ಪುಟ್ಟ ಸಭೆಯೊಂದು, ಪಾಸಾದರೆ ನಮ್ಮಲ್ಲಿಗೇ ಬನ್ನಿ ಎಂದು ಇವನಿಗೆ ಹೇಳಿಟ್ಟಿತ್ತು. ಫೇಲಾದರೆ ಅವರು ಬೇರೆಯವರನ್ನು ಕರೆಯುತ್ತಾರೆ.

ಮನೆಯಲ್ಲಿ ಮೌನದ ಅಭ್ಯಾಸ ಶುರುವಾಯಿತು. ಅಡುಗೆಮನೆಯ ಬಾಗಿಲಲ್ಲಿ ನಿಂತು, "ಮೌನವಾಗಿ ಪ್ರಾರ್ಥಿಸೋಣ" ಅನ್ನುವನು. ನಾನು ಸೂಜಿ ಕೆಳಗಿಟ್ಟು ಕೈ ಜೋಡಿಸುವುದರೊಳಗೆ "ಆಮೆನ್!"

"ನಾನಿನ್ನೂ ದೇವರೇ ಅಂತಲೂ ಅಂದಿಲ್ಲ" ಎಂದು ಟೈಲರಮ್ಮ ಮೆಷಿನ್ ತುಳಿಯತೊಡಗುವಳು.

"ಏನ್ ಮಾಡ್ಲಿ ಅಕ್ಕಾ? ಎಲ್ಲರೂ ಸುಮ್ನಾದ ತಕ್ಷಣ ಬಸ್ಸು ಕೆಟ್ಟು ನಿಂತಹಾಗೆ ಎದೆ ಹೊಡ್ಕೊಳ್ಳುತ್ತೆ."

ಪರೀಕ್ಷೆಯ ಹಿಂದಿನ ವಾರ ಹಳೆಯ ಡ್ರೈವರ್ ನಮ್ಮ ಮನೆಗೆ ಬಂದ. ತಮ್ಮನ ಜೊತೆ ಒಂದೇ ಬಸ್ಸಿನಲ್ಲಿ ಕೂದಲು ನೆರೆತವನು. ಪಾರ್ಶ್ವವಾಯು ಹೊಡೆದಾಗಿನಿಂದ ಎಡಗಾಲು ಎಳೆದು, ಕೋಲೂರಿ ನಡೆಯುತ್ತಾನೆ. ತಮ್ಮ ಅವನಿಗೆ ಟೀ ಕೊಟ್ಟು, "ಭಾನುವಾರ ಬಾರೋ" ಅಂದ.

"ನಾ ಬರಲ್ಲ. ಜೀವಮಾನವೆಲ್ಲಾ ನಿನ್ನ ಸೀಟಿ ಕೇಳಿದ್ದು ಸಾಕು. ಇನ್ನು ಪ್ರಸಂಗ ಬೇರೆ ಕೇಳ್ಬೇಕಾ?" ಎಂದ ಡ್ರೈವರ್ ನಮ್ಮ ಕಡೆ ತಿರುಗಿದ. "ಅಕ್ಕಾ, ಇವನ ದೆಸೆಯಿಂದ ನಾ ಒಂದು ದಿನ ಟೈಮಿಗೆ ಡಿಪೋ ಸೇರಿದ್ದಿಲ್ಲ. ಹತ್ತಿದೋರನ್ನ ಕುರಿ ಅಟ್ಟಿದಹಾಗೆ ಅಟ್ಟೋನು. ಆದ್ರೆ ದೂರದಲ್ಲಿ ಯಾರಾದ್ರೂ ಓಡಿ ಬರ್ತಿದ್ರೆ ಮುಗೀತು, ಹೋಲ್ಡಾನ್, ಹೋಲ್ಡಾನ್! ಅವರು ಬಂದು, ಹತ್ತಿ, ಕೂತು, ಉಸಿರು ಬಿಡೋ ತನಕ ಸೀಟಿ ಊದ್ತಾನೇ ಇರಲಿಲ್ಲ."

"ಅವರು ಬಿದ್ದುಗಿದ್ರೆ?" ಎಂದ ತಮ್ಮ.

ಭಾನುವಾರ ನಾನು, ಟೈಲರಮ್ಮ ಮುಂದಿನ ಬೆಂಚಿನಲ್ಲಿ ಕೂತೆವು. ಮೇಡಂ ಕೊನೆಯ ಬೆಂಚಿನಲ್ಲಿ ಪೆನ್ನು ಹಿಡಿದು ಕೂತಿದ್ದರು. ಹಾಡು ಆಯಿತು. ಪ್ರಸಂಗವೂ ಚೆನ್ನಾಗೇ ಆಯಿತು. ಕೊನೆಗೆ ತಮ್ಮ, "ಈಗ ಮೌನವಾಗಿ ಪ್ರಾರ್ಥಿಸೋಣ" ಅಂದ.

ಎಲ್ಲರೂ ತಲೆ ಬಗ್ಗಿಸಿದರು. ನಾನು ಅರ್ಧ ಕಣ್ಣು ಬಿಟ್ಟೇ ಇದ್ದೆ. ತಮ್ಮನ ಬಲಗೈ ಎದೆಯ ಹತ್ತಿರ ಹೋಯಿತು, ಸೀಟಿ ತೂಗುತ್ತಿದ್ದ ಜಾಗಕ್ಕೆ. ತುಟಿ ತೆರೆಯಿತು. ಟೈಲರಮ್ಮ ನನ್ನ ಮೊಣಕೈ ಗಟ್ಟಿಯಾಗಿ ಅದುಮಿದಳು. ಕೆಟ್ಟಿತು ಅಂದುಕೊಂಡೆ.

ಅಷ್ಟರಲ್ಲಿ ಹಿಂದಿನ ಬಾಗಿಲು ಕಿರುಗುಟ್ಟಿತು.

ಡ್ರೈವರ್! ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಹೊಸ್ತಿಲಲ್ಲಿ ನಿಂತಿದ್ದ. ತಮ್ಮನ ಬಾಯಿ ಹಾಗೆಯೇ ಮುಚ್ಚಿಕೊಂಡಿತು. ಕೋಲು ಟಕ್ ಎನ್ನುತ್ತಿತ್ತು, ಹಿಂದೆಯೇ ಕಾಲು ಸರ್ ಎಂದು ಸರಿಯುತ್ತಿತ್ತು. ಹಿಂದೆ ಕೂರಬಾರದೇ? ಇಲ್ಲ, ಆಸಾಮಿಗೆ ಮುಂದಿನ ಬೆಂಚೇ ಬೇಕು. ಟಕ್, ಸರ್. ಟಕ್, ಸರ್. ಕತ್ತು ಮುಂದೆ ಚಾಚಿ ತಮ್ಮ ಅವನ ಕಾಲನ್ನೇ ನೋಡುತ್ತಿದ್ದ. ಬಸ್ಸಿನ ಮೆಟ್ಟಿಲ ಮೇಲೆ ನಿಂತು, ಓಡಿ ಬರುವವರನ್ನು ನೋಡುವಾಗ ಅವನ ಮುಖ ಹೀಗೇ ಇರುತ್ತಿತ್ತು.

ಆ ಹೊತ್ತಿನಲ್ಲಿ ಚರ್ಚೊಳಗೆ ಏನೇನೋ ನಡೆಯಿತು. ನನ್ನ ಹಿಂದೆ ಯಾರೋ, ಯಾರದೋ ಹೆಸರು ಹಿಡಿದು ಪಿಸುಗುಟ್ಟತೊಡಗಿದರು. ಇನ್ನೊಬ್ಬರು ಮೂಗು ಒರೆಸಿಕೊಂಡರು. ಟೈಲರಮ್ಮನ ಕೈ ನನ್ನ ಮೊಣಕೈ ಬಿಟ್ಟು ಇನ್ನೊಂದು ಕೈಯ ಜೊತೆ ತಾನಾಗಿ ಜೋಡಿಕೊಂಡಿತು. ನನಗೂ ಹೇಳಿಕೊಳ್ಳುವುದು ಇತ್ತು, ಪೂರ್ತಿ ಹೇಳಿಕೊಂಡೆ.

ಡ್ರೈವರ್ ನಮ್ಮ ಬೆಂಚಿಗೆ ಬಂದು, ಹಿಡಿದುಕೊಂಡು, ಮೆಲ್ಲಗೆ ಕೂತ. ಕೋಲು ಕೆಳಗಿಟ್ಟ. ಉಸಿರು ಬಿಟ್ಟ. ತಮ್ಮ ಇನ್ನೂ ಅವನನ್ನೇ ನೋಡುತ್ತಿದ್ದಾನೆ. ಡ್ರೈವರ್ ಕೈ ಮೇಲೆತ್ತಿ, ಇಡೀ ಚರ್ಚಿಗೆ ಕೇಳುವಹಾಗೆ ಹೇಳಿದ.

"ರೈಟ್!"

"ಆಮೆನ್" ಎಂದ ತಮ್ಮ.

ಆಮೇಲೆ ಎಲ್ಲಿಂದಲೋ ಒಂದು ನಗು ಕಿಸಕ್ಕೆಂದಿತು, ಚರ್ಚಿಗೆ ಚರ್ಚೇ ನಗತೊಡಗಿತು. ಹಿಂದೆ ತಿರುಗಿ ನೋಡಿದರೆ ಮೇಡಂ ಪೆನ್ನು ಪಕ್ಕಕ್ಕಿಟ್ಟು ಕಣ್ಣು ಒರೆಸಿಕೊಳ್ಳುತ್ತಿದ್ದರು.

ಆರಾಧನೆ ಮುಗಿದ ಮೇಲೆ ನನ್ನ ತಮ್ಮ ಚರ್ಚಿನ ಮೆಟ್ಟಿಲ ಹತ್ತಿರ ಡ್ರೈವರ್ ಪಕ್ಕ ತಲೆ ತಗ್ಗಿಸಿ ನಿಂತ. "ಮೇಡಂ, ಸುಳ್ಳು ಹೇಳಲ್ಲ. ನಾನು ಪ್ರಾರ್ಥನೆ ಮಾಡಲೇ ಇಲ್ಲ. ಇವನೆಲ್ಲಿ ಬೀಳ್ತಾನೋ ಅಂತ ಇವನನ್ನೇ ನೋಡ್ತಿದ್ದೆ."

"ಪ್ರಾರ್ಥನೆ ಜನ ಮಾಡಿದ್ರು. ಅವರಿಗೆ ಹೊತ್ತು ಕೊಟ್ರಲ್ಲ, ಸಾಕು. ಪಾಸು" ಎಂದರು ಮೇಡಂ. "ಆದ್ರೆ ಇವರನ್ನ ಪ್ರತಿ ವಾರ ತಡವಾಗಿ ಕರೆಸೋಕಾಗುತ್ತಾ?"

"ತಡ ನನ್ನಿಂದಲ್ಲ ಮೇಡಂ" ಎಂದ ಡ್ರೈವರ್. "ಬಸ್ಸು ಕಣ್ಣೆದುರೇ ತಪ್ಪೋಯ್ತು. ಈಗಿನ ಕಂಡಕ್ಟರು ಯಾರಿಗೂ ಕಾಯಲ್ಲ!"

ತಮ್ಮ ಈಗ ಆ ಪುಟ್ಟ ಸಭೆಯ ಪಾಲಕ. ಆಸ್ಪತ್ರೆಯಲ್ಲಿ ಯಾರು ಕರೆದರೂ ಹೋಗಿ, ಮಂಚದ ಪಕ್ಕ ಸ್ಟೂಲು ಎಳೆದುಕೊಂಡು ಕೂರುತ್ತಾನೆ. ಭಾನುವಾರದ ಮೌನ ಎಷ್ಟು ಉದ್ದವಾಗಿದೆ ಎಂದರೆ, "ಒಲೆ ಮೇಲೆ ಏನೂ ಇಟ್ಟು ಬರೋಹಾಗಿಲ್ಲ, ಸೀದುಹೋಗುತ್ತೆ" ಎಂದು ಟೈಲರಮ್ಮ ಗೊಣಗುತ್ತಾಳೆ. ಅವನು ಮೊದಲು ಬಾಗಿಲ ಕಡೆ ನೋಡುತ್ತಾನೆ. ಬರುವವರು ಯಾರೂ ಕಾಣದಿದ್ದರೆ ಮುಂದಿನ ಬೆಂಚಿನಲ್ಲಿರುವ ಡ್ರೈವರ್ ಕಡೆ ನೋಡುತ್ತಾನೆ. ಡ್ರೈವರ್ ಈಗ ಬಾಯಿ ಬಿಡುವುದಿಲ್ಲ, ಸುಮ್ಮನೆ ತಲೆಯಾಡಿಸುತ್ತಾನೆ. ಆಮೇಲೇ ಆಮೆನ್.